ಶಿಫ್ಟ್ ಮುಗಿದ ಮೇಲೆ ಹೊಳೆದಂಡೆಯ ನಡಿಗೆ: ಚಾಕಣದ ನಮ್ಮವರಿಗೊಂದು ಆರೋಗ್ಯ ಪಾಠ

🌿 *ಆರೋಗ್ಯ ಮಾಲಿಕೆ: ಇಂದಿನ ವಿಷಯ ನಡಿಗೆ* 🌿



ಚಾಕಣ, ಮಹಾಳುಂಗೆ, ಖರಾಬವಾಡಿ, ನಾಣೇಕರವಾಡಿ, ಕುರುಳಿ, ನಿಘೋಜೆ. ವಿಜಯಪುರ, ಕಲಬುರಗಿ, ಬೀದರ, ಬೆಳಗಾವಿ ಕಡೆಯಿಂದ ದುಡಿಯಲು ಬಂದ ನಮ್ಮವರು ಈ ಊರುಗಳಲ್ಲಿ ಬಾಡಿಗೆ ಖೋಲಿ ಹಿಡಿದು ಇದ್ದಾರೆ. ಊರಲ್ಲಿದ್ದಾಗ ಹೊಲಕ್ಕೆ, ಹಳ್ಳಕ್ಕೆ, ಸಂತೆಗೆ ನಡೆದೇ ಹೋಗುತ್ತಿದ್ದ ಕಾಲುಗಳಿವು. ಇಲ್ಲಿ ಖೋಲಿಯಿಂದ ಕಂಪನಿ ಬಸ್ಸು, ಬಸ್ಸಿನಿಂದ ಮಷಿನ್, ಮಷಿನ್‌ನಿಂದ ಮತ್ತೆ ಖೋಲಿ. ಊಟ ಮಾತ್ರ ಊರಿನದೇ ಅಳತೆ.

ಇದರ ಫಲ ಏನು ಅಂತ ರಕ್ತ ಪರೀಕ್ಷೆಯ ಚೀಟಿ ಹೇಳುತ್ತದೆ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ದೇಶವ್ಯಾಪಿ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ಸುಮಾರು 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ. ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿ ನಿಂತಿದ್ದಾರೆ. ಹೊಸ್ತಿಲಲ್ಲಿ ನಿಂತವರು ಒಳಗೆ ಹೋಗಲೇಬೇಕು ಅಂತೇನಿಲ್ಲ, ಹಿಂದಕ್ಕೂ ಬರಬಹುದು. ಹಿಂದಕ್ಕೆ ಬರುವ ದಾರಿಗಳಲ್ಲಿ ಕಾಸು ಖರ್ಚಿಲ್ಲದ್ದು ನಡಿಗೆ.

ಇವತ್ತಿನ ಪಾಠದಲ್ಲಿ ನಾಲ್ಕು ವಿಷಯ: ನಡಿಗೆ ಯಾಕೆ, ಎಷ್ಟು, ಚಾಕಣದ ಸುತ್ತ ಎಲ್ಲಿ, ಮತ್ತು ಕ್ಷೇಮವಾಗಿ ಹೇಗೆ. ಪೂರ್ತಿ ಓದಿ. ಕೊನೆಯ ಭಾಗವನ್ನು ಮಾತ್ರ ಬಿಡಲೇಬೇಡಿ.

🔹 *"ದಿನವಿಡೀ ನಿಂತೇ ಇರ್ತೀನಿ, ಮತ್ಯಾಕೆ ನಡಿಗೆ?"*

ಲೈನ್ ಮೇಲೆ ಕೆಲಸ ಮಾಡುವವರೆಲ್ಲ ಕೇಳುವ ಪ್ರಶ್ನೆ ಇದು. ಉತ್ತರ ಸರಳ. ನಿಲ್ಲುವುದು ಬೇರೆ, ನಡೆಯುವುದು ಬೇರೆ.

ನಮ್ಮ ಮೀನಖಂಡ ಒಂದು ಪಂಪ್ ಇದ್ದ ಹಾಗೆ. ಹೆಜ್ಜೆ ಇಟ್ಟಾಗಲೆಲ್ಲ ಅದು ಬಿಗಿಯಾಗಿ, ಕಾಲಿನ ರಕ್ತನಾಳಗಳನ್ನು ಹಿಂಡಿ, ರಕ್ತವನ್ನು ಮೇಲಕ್ಕೆ ಹೃದಯದ ಕಡೆ ತಳ್ಳುತ್ತದೆ. ಒಂದೇ ಕಡೆ ಎಂಟು ಗಂಟೆ ನಿಂತರೆ ಪಂಪ್ ಬಂದ್. ರಕ್ತ ಕೆಳಗೇ ನಿಲ್ಲುತ್ತದೆ. ಸಂಜೆ ಕಾಲು ಊದುವುದು, ಮೀನಖಂಡ ಸೆಳೆಯುವುದು, ವರ್ಷಗಳ ಮೇಲೆ ನೀಲಿ ನರಗಳು ಉಬ್ಬಿ ಕಾಣುವುದು, ಇವೆಲ್ಲಕ್ಕೂ ಅದು ಒಂದು ಕಾರಣ. ದಿನವಿಡೀ ನಿಂತು ದಣಿದ ಕಾಲಿಗೆ ಹದವಾದ ನಡಿಗೆ ಶಿಕ್ಷೆಯಲ್ಲ, ಔಷಧ.

ಕುಳಿತು ಕೆಲಸ ಮಾಡುವವರಿಗೆ ಇನ್ನೊಂದು ಉದಾಹರಣೆ. ಲಂಡನ್ನಿನ ಎರಡು ಅಂತಸ್ತಿನ ಬಸ್ಸುಗಳಲ್ಲಿ ಡ್ರೈವರ್ ದಿನವಿಡೀ ಕುಳಿತೇ ಇರುತ್ತಿದ್ದ, ಕಂಡಕ್ಟರ್ ದಿನವಿಡೀ ಮೆಟ್ಟಿಲು ಹತ್ತಿ ಇಳಿಯುತ್ತಿದ್ದ. ಜೆರ್ರಿ ಮಾರಿಸ್ ಎಂಬ ವೈದ್ಯರು ಇಬ್ಬರನ್ನೂ ಹೋಲಿಸಿ 1953ರಲ್ಲಿ ವರದಿ ಪ್ರಕಟಿಸಿದರು. ಒಂದೇ ಕಂಪನಿ, ಒಂದೇ ಬಸ್ಸು. ಆದರೂ ಹೃದಯದ ಕಾಯಿಲೆ ಡ್ರೈವರುಗಳಲ್ಲಿ ಹೆಚ್ಚು, ಕಂಡಕ್ಟರುಗಳಲ್ಲಿ ಕಡಿಮೆ. ಮೈ ಆಡಿಸುವುದಕ್ಕೂ ಹೃದಯಕ್ಕೂ ಇರುವ ನಂಟನ್ನು ಜಗತ್ತು ಗಂಭೀರವಾಗಿ ನೋಡಿದ್ದು ಅಲ್ಲಿಂದ. ಚಾಕಣದ ಫೋರ್ಕ್‌ಲಿಫ್ಟ್, ಟೆಂಪೊ, ಟ್ರಕ್ ಚಾಲಕರು ಈ ಮಾತನ್ನು ನೆನಪಿಡಬೇಕು.

ನಮ್ಮ ದೇಶದ್ದೇ ಪುರಾವೆ ಬೇಕೆ? ಚೆನ್ನೈನ ಡಾ. ಎ. ರಾಮಚಂದ್ರನ್ ಮತ್ತು ಸಂಗಡಿಗರು ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದ 531 ಭಾರತೀಯರ ಮೇಲೆ ನಡೆಸಿದ ಅಧ್ಯಯನ 2006ರಲ್ಲಿ ಪ್ರಕಟವಾಯಿತು. ಸಾಮಾನ್ಯ ಸಲಹೆ ಮಾತ್ರ ಪಡೆದವರಲ್ಲಿ ಮೂರು ವರ್ಷಗಳೊಳಗೆ 100ಕ್ಕೆ 55 ಮಂದಿಗೆ ಸಕ್ಕರೆ ಕಾಯಿಲೆ ಬಂತು. ಊಟ ಹದ ಮಾಡಿಕೊಂಡು, ದಿನಾ ಅರ್ಧ ಗಂಟೆಯಾದರೂ ನಡೆಯುವಂತೆ ತಿಳಿಸಿ ಬೆನ್ನು ಹತ್ತಿದವರಲ್ಲಿ 100ಕ್ಕೆ ಸುಮಾರು 39 ಮಂದಿಗೆ ಬಂತು. ಎಲ್ಲರೂ ಪಾರಾದರು ಅಂತಲ್ಲ. ಆದರೆ ನೂರರಲ್ಲಿ ಹದಿನಾರು ಸಂಸಾರಗಳಿಗೆ ಆ ಮೂರು ವರ್ಷಗಳಲ್ಲಿ ಈ ಕಾಯಿಲೆ ತಪ್ಪಿತು. ಅದು ಸಣ್ಣ ಮಾತೇ?

🔹 *ಎಷ್ಟು ನಡೆಯಬೇಕು?*

"ದಿನಕ್ಕೆ 10,000 ಹೆಜ್ಜೆ" ಎಂಬ ಸಂದೇಶ ಎಲ್ಲರ ಮೊಬೈಲಿಗೂ ಬಂದಿದೆ. ಈ ಸಂಖ್ಯೆ ಹುಟ್ಟಿದ್ದು ಆಸ್ಪತ್ರೆಯಲ್ಲಿ ಅಲ್ಲ. 1965ರಲ್ಲಿ ಜಪಾನಿನಲ್ಲಿ ಹೆಜ್ಜೆ ಎಣಿಸುವ ಒಂದು ಯಂತ್ರ ಮಾರಾಟಕ್ಕೆ ಬಂತು. ಅದರ ಹೆಸರಿನ ಅರ್ಥವೇ "ಹತ್ತು ಸಾವಿರ ಹೆಜ್ಜೆಯ ಅಳತೆಗೋಲು". ಹೆಸರು ಜನರ ಬಾಯಲ್ಲಿ ಉಳಿಯಿತು. ಅಷ್ಟು ನಡೆದರೆ ಒಳ್ಳೆಯದೇ. ಆದರೆ ಅಷ್ಟು ಆಗಲಿಲ್ಲ ಅಂತ ಕೈಬಿಡಬೇಡಿ. ವಯಸ್ಸಾದ ಮಹಿಳೆಯರ ಮೇಲೆ ನಡೆದ, 2019ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ದಿನಕ್ಕೆ ಸುಮಾರು 4,400 ಹೆಜ್ಜೆಗೇ ಲಾಭ ಕಂಡಿತು. ಸುಮಾರು 7,500 ಹೆಜ್ಜೆಯವರೆಗೆ ಅದು ಏರುತ್ತಾ ಹೋಯಿತು.

ವಿಶ್ವ ಆರೋಗ್ಯ ಸಂಸ್ಥೆಯ 2020ರ ಸಲಹೆ: ವಯಸ್ಕರು ವಾರಕ್ಕೆ 150ರಿಂದ 300 ನಿಮಿಷ ಹದವಾದ ಶ್ರಮ ಮಾಡಬೇಕು. ಅಂದರೆ ದಿನಕ್ಕೆ 30 ನಿಮಿಷದಂತೆ ವಾರಕ್ಕೆ ಐದು ದಿನ. ಒಮ್ಮೆಲೇ ಮಾಡಬೇಕೆಂದಿಲ್ಲ. ಹತ್ತು ಹತ್ತು ನಿಮಿಷ ಮೂರು ಸಲ ಮಾಡಿದರೂ ಲೆಕ್ಕಕ್ಕೆ ಬರುತ್ತದೆ.

"ಹದವಾದ ಶ್ರಮ" ಅಂದರೇನು? ಯಂತ್ರ ಬೇಡ, ಬಾಯಿಯೇ ಅಳತೆ.

✅ ಮಾತಾಡಬಹುದು, ಆದರೆ ಹಾಡಲು ಉಸಿರು ಸಾಲದು: ಇದು ಹದ.
✅ ಆರಾಮಾಗಿ ಹಾಡಬಹುದು: ಸ್ವಲ್ಪ ಬಿರುಸು ಮಾಡಿ.
✅ ಎರಡು ಮಾತಿಗೇ ಏದುಸಿರು: ನಿಧಾನ ಮಾಡಿ.

ಹೆಜ್ಜೆ ಎಣಿಸುವವರಿಗೆ ನಿಮಿಷಕ್ಕೆ ಸುಮಾರು 100 ಹೆಜ್ಜೆ ಎಂದರೆ ಈ ಹದ. ಅರ್ಧ ಗಂಟೆಗೆ 3,000 ಹೆಜ್ಜೆ.

ಇನ್ನೊಂದು ಗುಟ್ಟು. ಸಕ್ಕರೆ ಏರುವುದು ಊಟದ ನಂತರ. ಆಗ ನಡೆದರೆ ಕಾಲಿನ ಸ್ನಾಯುಗಳು ರಕ್ತದಲ್ಲಿರುವ ಸಕ್ಕರೆಯನ್ನು ಎಳೆದುಕೊಂಡು ಬಳಸುತ್ತವೆ. 2013ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಸಕ್ಕರೆ ಕಾಯಿಲೆಯ ಅಪಾಯವಿದ್ದ ಹಿರಿಯರು ಪ್ರತಿ ಊಟದ ನಂತರ 15 ನಿಮಿಷ ನಡೆದರು. ರಾತ್ರಿಯೂಟದ ಮೇಲಿನ ಸಕ್ಕರೆಯ ಏರಿಕೆ ಇದರಿಂದ ಚೆನ್ನಾಗಿ ತಗ್ಗಿತು. ಉಂಡ ಕೂಡಲೇ ಹಾಸಿಗೆ ಹಿಡಿಯುವ ಬದಲು ಓಣಿಯಲ್ಲಿ ನಾಲ್ಕು ಸುತ್ತು ಹಾಕಿ. ಖರ್ಚಿಲ್ಲ.

ಒಂದು ಎಚ್ಚರಿಕೆಯ ಲೆಕ್ಕವೂ ಇರಲಿ. ಅರ್ಧ ಗಂಟೆ ಬಿರುಸಾಗಿ ನಡೆದರೆ ಕರಗುವ ಶಕ್ತಿ ಸುಮಾರಾಗಿ ಅರ್ಧ ವಡಾಪಾವ್‌ನಷ್ಟು. ನಡೆದು ಬಂದು ಎರಡು ವಡಾಪಾವ್, ಸಕ್ಕರೆ ಚಹಾ ಹೊಡೆದರೆ ತೂಕ ಇಳಿಯುವುದಿಲ್ಲ. ನಡಿಗೆ ಹೊಟ್ಟೆಗೆ ಕೊಟ್ಟ ಪರವಾನಗಿ ಅಲ್ಲ.

🔹 *ನಡಿಗೆ ನಮಗೆ ಹೊಸದಲ್ಲ*

ನಮ್ಮ ಉತ್ತರ ಕರ್ನಾಟಕದಿಂದ ಯುಗಾದಿಗೆ ಮುನ್ನ ಸಾವಿರಾರು ಜನ ಕಂಬಿ ಹೊತ್ತು ಶ್ರೀಶೈಲಕ್ಕೆ ನಡೆಯುತ್ತಾರೆ. ನಾವಿರುವ ಚಾಕಣದ ಪಕ್ಕದ ಆಳಂದಿ ಮತ್ತು ದೇಹುವಿನಿಂದ ಆಷಾಢದಲ್ಲಿ ವಾರಿ ಹೊರಡುತ್ತದೆ. ಆಳಂದಿಯಿಂದ ಪಂಢರಪುರಕ್ಕೆ ಸುಮಾರು 250 ಕಿ.ಮೀ., ಸುಮಾರು ಮೂರು ವಾರ. ಅದರಲ್ಲಿ ಎಪ್ಪತ್ತು ವರ್ಷದ ಅಜ್ಜಿಯರೂ ಇರುತ್ತಾರೆ. ಅವರಿಂದ ಕಲಿಯುವುದು ಮೂರು: ಒಬ್ಬರೇ ಹೋಗುವುದಿಲ್ಲ, ಬಾಯಲ್ಲಿ ಭಜನೆ ಇರುವುದರಿಂದ ವೇಗ ತಾನೇ ಹದಕ್ಕೆ ಬರುತ್ತದೆ, ದಾರಿಯುದ್ದಕ್ಕೂ ವಿಶ್ರಾಂತಿಯ ತಾಣ ಮೊದಲೇ ಗೊತ್ತಿರುತ್ತದೆ.

ಫ್ರಾನ್ಸಿನಲ್ಲಿ ಹಳ್ಳಿ, ದ್ರಾಕ್ಷಿತೋಟ, ನದಿದಂಡೆಗಳ ನಡುವೆ ಹಾಯುವ ಕಾಲುದಾರಿಗಳನ್ನು ಜನ ರಜೆಯಲ್ಲಿ ಹುಡುಕಿಕೊಂಡು ಹೋಗುತ್ತಾರೆ. 1947ರಲ್ಲಿ ಲುವಾರ್ ನದಿಯ ಬದಿಯಿಂದ ಶುರುವಾದ ಇಂಥ ದಾರಿಗಳಿಗೆ ಮರ, ಕಲ್ಲು, ಗೋಡೆಗಳ ಮೇಲೆ ಬಿಳಿ-ಕೆಂಪು ಪಟ್ಟೆಯ ಗುರುತು ಇರುತ್ತದೆ. ದಕ್ಷಿಣದಲ್ಲಿ 1681ರಲ್ಲಿ ತೆರೆದ, ಸುಮಾರು 240 ಕಿ.ಮೀ. ಉದ್ದದ ಮಿದಿ ಕಾಲುವೆ ಇದೆ. ಅದರ ದಂಡೆಯ ಮೇಲೆ ಹಿಂದೆ ಕುದುರೆಗಳು ನಡೆದು ದೋಣಿ ಎಳೆಯುತ್ತಿದ್ದವು. ಈಗ ಅಲ್ಲಿ ಜನ ನಡೆಯುತ್ತಾರೆ. ಕಾಲುವೆಯ ಬದಿ ಏರಿಳಿತ ಕಡಿಮೆ, ಹಾಗಾಗಿ ಮಂಡಿನೋವಿನವರಿಗೂ ಆದೀತು.

ಅಲ್ಲಿ ಗುರುತು ಸರಕಾರ, ಸಂಘಗಳು ಮಾಡಿವೆ. ಇಲ್ಲಿ ನಾವೇ ಮಾಡಿಕೊಳ್ಳಬೇಕು. ಆದರೆ ಹಳ್ಳಿ, ಹೊಳೆ, ದ್ರಾಕ್ಷಿ ಮೂರೂ ಪುಣೆ ಜಿಲ್ಲೆಯ ಈ ಭಾಗದಲ್ಲಿ ಇವೆ.

🔹 *ಚಾಕಣದ ಸುತ್ತ ಎಲ್ಲಿ ನಡೆಯುವುದು?*

ಇಲ್ಲಿಯ ಬಹಳಷ್ಟು ಕಾರ್ಖಾನೆಗಳಿಗೆ ಗುರುವಾರ ರಜೆ. ದಿನದ ಚಿಕ್ಕ ನಡಿಗೆ ಓಣಿಯಲ್ಲಿ ಮಾಡಿ. ಕೆಳಗಿನವು ಗುರುವಾರಕ್ಕೆ. ಸುಲಭದಿಂದ ಕಷ್ಟದ ಕಡೆಗೆ ಬರೆದಿದೆ.

*1) ಊರೊಳಗೆ: ಸಂಗ್ರಾಮದುರ್ಗ ಮತ್ತು ಚಕ್ರೇಶ್ವರ.* ಚಾಕಣದ ಕೋಟೆ ಗುಡ್ಡದ ಮೇಲಿಲ್ಲ, ನೆಲದ ಮೇಲೇ ಇದೆ. 1660ರಲ್ಲಿ ಶಾಯಿಸ್ತಾಖಾನನ ದೊಡ್ಡ ಸೈನ್ಯ ಮುತ್ತಿದಾಗ ಫಿರಂಗೋಜಿ ನರಸಾಳಾ ಚಿಕ್ಕ ಪಡೆಯೊಂದಿಗೆ ಸುಮಾರು ಎರಡು ತಿಂಗಳು ಹಿಡಿದು ನಿಂತ ಜಾಗ ಇದು. ಈಗ ಉಳಿದಿರುವುದು ಗೋಡೆ, ಬುರುಜುಗಳ ಭಾಗ ಮಾತ್ರ. ಅಲ್ಲಿಂದ ಚಕ್ರೇಶ್ವರ ದೇವಸ್ಥಾನದ ಕಡೆ ನಡೆದು ಬಂದರೆ ಹೊಸಬರಿಗೆ ಬೇಕಾದಷ್ಟು ನಡಿಗೆ ಆಗುತ್ತದೆ. ಬೆಳಕು ಹರಿದ ಕೂಡಲೇ ಹೋಗಿ. ಆಮೇಲೆ ವಾಹನದ ಗದ್ದಲ, ಹೊಗೆ.

*2) ಭಾಮಾ ಹೊಳೆಯ ಕಡೆ.* ನಾಶಿಕ ರಸ್ತೆಯಲ್ಲಿ ವಾಕಿ ಊರಿನ ಹತ್ತಿರ ಭಾಮಾ ನದಿ ಸಿಗುತ್ತದೆ. ಹೆದ್ದಾರಿ ಬಿಟ್ಟು ಹಳ್ಳಿಯ ಒಳದಾರಿ ಹಿಡಿಯಿರಿ. ಚಳಿಗಾಲದಲ್ಲಿ ಉಳ್ಳಾಗಡ್ಡಿ, ಆಲೂಗಡ್ಡೆ, ಜೋಳ ಕಾಣುವ ಹೊಲಗಳು. ಚಾಕಣ ಉಳ್ಳಾಗಡ್ಡಿ-ಆಲೂಗಡ್ಡೆ ಪೇಟೆಗೆ ಹೆಸರಾದ ಊರು, ಮರೆಯಬೇಡಿ. ಗಾಡಿದಾರಿಯಲ್ಲಿ ನಡೆಯಿರಿ, ಬೆಳೆಯ ಒಳಗೆ ಕಾಲಿಡಬೇಡಿ.

ಒಂದು ವಿಷಯ ಗೊತ್ತೇ? ಈ ಭಾಮಾ ಮುಂದೆ ಭೀಮೆಯನ್ನು ಸೇರುತ್ತದೆ. ಆಳಂದಿಯ ಇಂದ್ರಾಯಣಿಯೂ ತುಳಾಪುರದಲ್ಲಿ ಭೀಮೆಯನ್ನೇ ಸೇರುತ್ತದೆ. ಆ ಭೀಮೆ ಪಂಢರಪುರದಲ್ಲಿ ಚಂದ್ರಭಾಗೆ ಎನಿಸಿಕೊಂಡು, ನಮ್ಮ ವಿಜಯಪುರ, ಕಲಬುರಗಿ ಜಿಲ್ಲೆಗಳಿಗೆ ಬಂದು, ಗಾಣಗಾಪುರ, ಸನ್ನತಿ, ಯಾದಗಿರಿ ದಾಟಿ ರಾಯಚೂರಿನ ಕಡೆ ಕೃಷ್ಣೆಯಲ್ಲಿ ಕೂಡುತ್ತದೆ. ನೀವು ದಂಡೆಯಲ್ಲಿ ನಡೆಯುವ ಹೊಳೆ ನಿಮ್ಮ ಊರಿನ ಕಡೆಗೇ ಹೊರಟಿದೆ. ಮಕ್ಕಳನ್ನು ಕರೆದುಕೊಂಡು ಹೋದರೆ ಇದನ್ನು ತೋರಿಸಿ ಹೇಳಿ.

*3) ಆಳಂದಿಯ ಘಾಟು.* ವಯಸ್ಸಾದ ತಂದೆ-ತಾಯಿ ಊರಿಂದ ಬಂದಿದ್ದರೆ ಇಲ್ಲಿಗೆ ಕರೆದೊಯ್ಯಿರಿ. ಸಂತ ಜ್ಞಾನೇಶ್ವರರು 1296ರಲ್ಲಿ ಸಮಾಧಿಸ್ಥರಾದ ಊರು. ಇಂದ್ರಾಯಣಿಯ ದಂಡೆಯಲ್ಲಿ ಕಲ್ಲು ಹಾಸಿದ ಘಾಟು ಇದೆ. ಕೂರಲು ಜಾಗ, ಚಹಾ, ಜನಸಂಚಾರ ಎಲ್ಲ ಇದೆ. ಏಕಾದಶಿಯ ದಿನ ಬೇಡ, ಗದ್ದಲದಲ್ಲಿ ನಡಿಗೆ ಆಗದು. ನದಿಯ ನೀರು ಕಲುಷಿತವಾಗಿದೆ, ಬಿಳಿ ನೊರೆ ಏಳುವುದನ್ನು ನೀವೇ ನೋಡಿರುತ್ತೀರಿ. ಕೈಮುಗಿಯಿರಿ, ಬಾಯಿಗೆ ಹಾಕಿಕೊಳ್ಳಬೇಡಿ. ಕಾಲಲ್ಲಿ ಗಾಯ ಇದ್ದವರು ನೀರಿಗೆ ಇಳಿಯಬೇಡಿ.

*4) ರಾಜಗುರುನಗರ.* ಚಾಕಣದಿಂದ ನಾಶಿಕ ರಸ್ತೆಯಲ್ಲೇ ಮುಂದೆ ಇದೆ. ಹಳೆಯ ಹೆಸರು ಖೇಡ. ಭಗತ್‌ಸಿಂಗ್, ಸುಖದೇವ್ ಜೊತೆ ಗಲ್ಲಿಗೇರಿದ ಶಿವರಾಮ ರಾಜಗುರು 1908ರಲ್ಲಿ ಹುಟ್ಟಿದ ಊರು. ಅವರ ವಾಡೆಯನ್ನು ನೋಡಿ, ಭೀಮೆಯ ಕಡೆ ನಡೆದು ಬನ್ನಿ. ಶಾಲೆಗೆ ಹೋಗುವ ಮಕ್ಕಳಿಗೆ ಇದು ಪಾಠವೂ ಹೌದು.

*5) ಭಾಮಚಂದ್ರ ಡೊಂಗರ.* ವಾಸುಲಿ, ಶಿಂದೆ ಊರುಗಳ ಹತ್ತಿರದ ಗುಡ್ಡ. ಸಂತ ತುಕಾರಾಮರು ಇಲ್ಲಿಯ ಗವಿಯಲ್ಲಿ ಧ್ಯಾನಕ್ಕೆ ಕುಳಿತಿದ್ದರು ಎಂದು ನಂಬಿಕೆ. ಏರು ಇದೆ. ಒಂದು ತಿಂಗಳು ಸಮತಟ್ಟಿನಲ್ಲಿ ನಡೆದು ಅಭ್ಯಾಸವಾದ ಮೇಲೆ ಹೋಗಿ. ಎದೆನೋವು, ಮಂಡಿ ಸವೆತ ಇದ್ದವರಿಗೆ ಬೇಡ. ಇಳಿಯುವಾಗ ಮಂಡಿಯ ಮೇಲೆ ಭಾರ ಹೆಚ್ಚು. ಆದ್ದರಿಂದ ಸಣ್ಣ ಸಣ್ಣ ಹೆಜ್ಜೆ ಇಡಿ.

*6) ವರ್ಷಕ್ಕೊಮ್ಮೆ ದ್ರಾಕ್ಷಿಯ ಸೀಮೆಗೆ.* ಇದೇ ರಸ್ತೆಯಲ್ಲಿ ಉತ್ತರಕ್ಕೆ ಸುಮಾರು 45 ಕಿ.ಮೀ. ಹೋದರೆ ನಾರಾಯಣಗಾಂವ್. ಅಲ್ಲಿಂದ ಜುನ್ನರದ ತನಕ ದ್ರಾಕ್ಷಿತೋಟಗಳಿವೆ. ಜನವರಿಯಿಂದ ಮಾರ್ಚ್ ಹಣ್ಣಿನ ಕಾಲ. ನಮ್ಮ ವಿಜಯಪುರ, ತಿಕೋಟಾ ಕಡೆಯವರಿಗೆ ತೋಟದ ಶಿಸ್ತು ಹೇಳಬೇಕಾಗಿಲ್ಲ. ಉಳಿದವರಿಗೆ: ಮಾಲಿಕರನ್ನು ಕೇಳದೆ ಒಳಗೆ ಹೋಗಬೇಡಿ, ಔಷಧ ಹೊಡೆಯುತ್ತಿರುವಾಗ ಹತ್ತಿರ ಸುಳಿಯಬೇಡಿ, ತೊಳೆಯದೆ ಹಣ್ಣು ತಿನ್ನಬೇಡಿ.

🔹 *ಶಿಫ್ಟ್ ಪ್ರಕಾರ ಸಮಯ*

☀️ ಫಸ್ಟ್ ಶಿಫ್ಟ್: ಸಂಜೆ ಮನೆಗೆ ಬಂದು ಕೈಕಾಲು ತೊಳೆದು, ಕತ್ತಲಾಗುವ ಮುನ್ನ.
🌤️ ಸೆಕೆಂಡ್ ಶಿಫ್ಟ್: ಬೆಳಗಿನ ತಿಂಡಿಯ ನಂತರ, ಬಿಸಿಲೇರುವ ಮುನ್ನ.
🌙 ನೈಟ್ ಶಿಫ್ಟ್: ಬೆಳಿಗ್ಗೆ ಮನೆಗೆ ಬಂದ ಕೂಡಲೇ ಬಿಸಿಲಲ್ಲಿ ನಡೆಯಬೇಡಿ, ಬೆಳಕು ಬಿದ್ದರೆ ನಿದ್ದೆ ದೂರವಾಗುತ್ತದೆ. ಮೊದಲು ಮಲಗಿ. ಎದ್ದ ಮೇಲೆ ಸಂಜೆ ನಾಲ್ಕೂವರೆಗೆ ನಡೆಯಿರಿ.

ಮನೆಯಲ್ಲಿರುವ ಅಕ್ಕ-ತಂಗಿಯರೇ, ಈ ಪಾಠ ನಿಮಗೂ ಹೌದು. ಭಾಷೆ ಬಾರದ ಊರು, ಹತ್ತಡಿ ಖೋಲಿ, ಗಂಡ ಕೆಲಸಕ್ಕೆ ಹೋದರೆ ಬಾಗಿಲು ಹಾಕಿಕೊಂಡು ಕೂರುವುದು. ಇದರಿಂದ ಮೈಗೂ ಜಡ, ಮನಸ್ಸಿಗೂ ಭಾರ. ಅದೇ ಚಾಳಿನ ಇಬ್ಬರು ಮೂವರು ಸೇರಿ, ಮಕ್ಕಳನ್ನು ಶಾಲೆಗೆ ಬಿಟ್ಟು ಬರುವಾಗ ಒಂದು ಸುತ್ತು ಹೆಚ್ಚು ನಡೆಯಿರಿ. ಬೇಸರಕ್ಕೂ ಅದೇ ಮದ್ದು.

🔹 *ಒಂದು ತಿಂಗಳ ಲೆಕ್ಕ*

▪️ ಮೊದಲ ವಾರ: ದಿನಾ 10 ನಿಮಿಷ, ಊಟದ ನಂತರ.
▪️ ಎರಡನೇ ವಾರ: ದಿನಾ 15 ನಿಮಿಷ.
▪️ ಮೂರನೇ ವಾರ: ದಿನಾ 20 ನಿಮಿಷ, ಗುರುವಾರ 40.
▪️ ನಾಲ್ಕನೇ ವಾರ: ಐದು ದಿನ 30 ನಿಮಿಷ, ಗುರುವಾರ ಒಂದು ಗಂಟೆ.

ನಾಲ್ಕನೇ ವಾರಕ್ಕೆ 150 ನಿಮಿಷ ದಾಟಿರುತ್ತೀರಿ. ಕ್ಯಾಲೆಂಡರ್ ಮೇಲೆ ನಡೆದ ದಿನಕ್ಕೆ ಒಂದು ಗೀಟು ಹಾಕಿ. ಒಂದು ದಿನ ತಪ್ಪಿದರೆ ಮರುದಿನ ಶುರು ಮಾಡಿ, ಮುಂದಿನ ತಿಂಗಳಲ್ಲ.

🔹 *ನಡೆಯುವ ಮುನ್ನ ಇವರು ವೈದ್ಯರನ್ನು ಕೇಳಲಿ*

⚠️ ನಡೆಯುವಾಗ ಎದೆ ಬಿಗಿಯುವವರು, ಮೆಟ್ಟಿಲು ಹತ್ತಿದರೆ ತಲೆ ಸುತ್ತುವವರು.
⚠️ ಸ್ವಲ್ಪ ನಡೆದರೆ ಮೀನಖಂಡ ಹಿಂಡಿದಂತಾಗಿ, ನಿಂತರೆ ಕಡಿಮೆಯಾಗುವವರು. ಬೀಡಿ, ಸಿಗರೇಟು ಸೇದುವವರಲ್ಲಿ ಇದು ಕಾಲಿನ ರಕ್ತನಾಳ ಕಟ್ಟಿಕೊಂಡಿರುವ ಸೂಚನೆ ಆಗಿರಬಹುದು.
⚠️ ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು. ನಡಿಗೆಯಲ್ಲಿ ಸಕ್ಕರೆ ತೀರ ಇಳಿಯಬಹುದು. ಕೈ ನಡುಕ, ಬೆವರು, ಕಣ್ಣು ಮಂಜಾದರೆ ಕೂಡಲೇ ನಿಂತು ಸಕ್ಕರೆ ಅಥವಾ ಗ್ಲುಕೋಸ್ ತಿನ್ನಿ. ಜೇಬಿನಲ್ಲಿ ಯಾವಾಗಲೂ ಇರಲಿ.
⚠️ ಪಾದ ಜೋಮು ಹಿಡಿಯುವ ಸಕ್ಕರೆ ಕಾಯಿಲೆಯವರು ಬರಿಗಾಲಲ್ಲಿ ನಡೆಯಲೇಬಾರದು. "ಬರಿಗಾಲಲ್ಲಿ ಹುಲ್ಲಿನ ಮೇಲೆ ನಡೆದರೆ ಸಕ್ಕರೆ ಮಾಯ" ಎಂಬ ಸಂದೇಶ ನಂಬಬೇಡಿ. ಮುಳ್ಳು ಚುಚ್ಚಿದ್ದು ಗೊತ್ತಾಗದೆ ಗಾಯ ಕೊಳೆತು ಬೆರಳು ಕಳೆದುಕೊಂಡವರಿದ್ದಾರೆ. ಮನೆಗೆ ಬಂದು ಪಾದದ ಅಡಿ, ಬೆರಳ ಸಂದು ನೋಡಿಕೊಳ್ಳಿ.

30 ದಾಟಿದವರೆಲ್ಲ ವರ್ಷಕ್ಕೊಮ್ಮೆ ಸಕ್ಕರೆ, ಬಿ.ಪಿ. ತೋರಿಸಿ. ಖಾಲಿ ಹೊಟ್ಟೆಯ ಸಕ್ಕರೆ 100ರ ಒಳಗಿದ್ದರೆ ಸರಿ, 100ರಿಂದ 125 ಹೊಸ್ತಿಲು, 126 ಅಥವಾ ಹೆಚ್ಚು ಬಂದರೆ ಮತ್ತೊಮ್ಮೆ ಪರೀಕ್ಷಿಸಿ ವೈದ್ಯರನ್ನು ಕಾಣಬೇಕು. ಬಿ.ಪಿ. ಪದೇಪದೇ 140/90 ಅಥವಾ ಮೇಲೆ ಇದ್ದರೂ ಅಷ್ಟೇ. ನಡಿಗೆ ಶುರು ಮಾಡಿದೆ ಅಂತ ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ.

🔹 *ಕ್ಷೇಮ: ಇದನ್ನು ಎರಡು ಸಲ ಓದಿ*

*ರಸ್ತೆ.* ಚಾಕಣದಲ್ಲಿ ನಡೆಯುವವರಿಗೆ ದೊಡ್ಡ ಅಪಾಯ ಹಾವಲ್ಲ, ಚಿರತೆಯಲ್ಲ, ವಾಹನ. ನಾಶಿಕ, ತಳೇಗಾಂವ್, ಶಿಕ್ರಾಪುರ ರಸ್ತೆಗಳಲ್ಲಿ ಕಂಟೇನರ್, ಟ್ರೇಲರ್ ಬಿಡುವಿಲ್ಲದೆ ಓಡುತ್ತವೆ. ಅವುಗಳ ಅಂಚಿನಲ್ಲಿ ವಾಕಿಂಗ್ ಮಾಡಬೇಡಿ. ಫುಟ್‌ಪಾತ್ ಇಲ್ಲದ ಕಡೆ ನಡೆಯಲೇಬೇಕಾದರೆ ಬಲಬದಿಯಲ್ಲಿ, ಎದುರಿನ ವಾಹನ ನಿಮ್ಮ ಕಣ್ಣಿಗೆ ಕಾಣುವಂತೆ ನಡೆಯಿರಿ. ತಿಳಿ ಬಣ್ಣದ ಅಂಗಿ ಹಾಕಿ. ಕಂಪನಿಯ ಮಿಂಚುವ ಜಾಕೆಟ್ ಇದ್ದರೆ ಇನ್ನೂ ಒಳ್ಳೆಯದು. ಕಿವಿಯಲ್ಲಿ ಇಯರ್‌ಫೋನ್ ಬೇಡ.

*ಚಿರತೆ.* ಖೇಡ, ಆಂಬೇಗಾಂವ್, ಜುನ್ನರ, ಶಿರೂರ ತಾಲೂಕುಗಳ ಕಬ್ಬಿನಲ್ಲಿ ಚಿರತೆಗಳು ವಾಸ ಮಾಡುತ್ತವೆ. ಚಾಕಣ ಇರುವುದು ಖೇಡ ತಾಲೂಕಿನಲ್ಲೇ. ಕಬ್ಬು ಕಡಿಯುವ ಚಳಿಗಾಲದಲ್ಲಿ ಅವಕ್ಕೆ ಮರೆ ತಪ್ಪಿ ಅಡ್ಡಾಡುತ್ತವೆ. ಆದ್ದರಿಂದ ಬೆಳಕು ಪೂರ್ತಿ ಹರಿಯುವ ಮುನ್ನ, ಸೂರ್ಯ ಮುಳುಗಿದ ಮೇಲೆ ಕಬ್ಬಿನ ಬದಿಯ ದಾರಿ ಬೇಡ. ಮೂವರಾದರೂ ಸೇರಿ ಮಾತಾಡುತ್ತ ಹೋಗಿ. ಮಕ್ಕಳು ನಡುವೆ ಇರಲಿ. ಕಬ್ಬಿನ ಪಕ್ಕ ಬಗ್ಗಿ ಕೂರಬೇಡಿ. ಕಂಡರೆ ಓಡಬೇಡಿ. ಅದರ ಕಡೆ ಮುಖ ಮಾಡಿಕೊಂಡೇ, ಗಟ್ಟಿ ಸದ್ದು ಮಾಡುತ್ತ ನಿಧಾನ ಹಿಂದೆ ಸರಿಯಿರಿ. ಅರಣ್ಯ ಇಲಾಖೆಯ ಸಹಾಯವಾಣಿ 1926. ಹಳ್ಳಿಗೆ ಹೋದ ಕೂಡಲೇ ಯಾರನ್ನಾದರೂ ಮರಾಠಿಯಲ್ಲಿ ಕೇಳಿ: "ದಾದಾ, ಇಕಡೇ ಬಿಬಟ್ಯಾ ದಿಸಲಾ ಕಾ?" ಬಿಬಟ್ಯಾ ಅಂದರೆ ಚಿರತೆ. ಅವರು ಹೌದು ಅಂದರೆ ಆ ದಾರಿ ಬಿಡಿ.

*ಹಾವು.* ಮಳೆಗಾಲದಲ್ಲಿ ಹುಲ್ಲಿನ ದಾರಿ ಬೇಡ. ಬೂಟು ಹಾಕಿ, ಕೋಲು ತಟ್ಟುತ್ತ ನಡೆಯಿರಿ. ಕೊಳಕುಮಂಡಲ ಒಣ ಎಲೆಯಲ್ಲಿ ಕಾಣುವುದೇ ಇಲ್ಲ. ಕಡಿದರೆ ಕೊಯ್ಯಬೇಡಿ, ಹೀರಬೇಡಿ, ಬಿಗಿಯಾಗಿ ಕಟ್ಟಬೇಡಿ, ಮಂತ್ರ ಹಾಕಿಸಲು ಹೊತ್ತು ಕಳೆಯಬೇಡಿ. ಕಡಿದ ಕೈಕಾಲು ಅಲುಗಾಡಿಸದೆ 108ಕ್ಕೆ ಕರೆ ಮಾಡಿ ಆಸ್ಪತ್ರೆ ಸೇರಿಸಿ. ಹಾವಿನ ವಿಷಕ್ಕೆ ಇಂಜೆಕ್ಷನ್ ಮಾತ್ರ ಮದ್ದು.

*ನಾಯಿ.* ಕಚ್ಚಿದರೆ, ಪರಚಿದರೂ ಸರಿ, ಹರಿಯುವ ನೀರಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು ಅದೇ ದಿನ ಲಸಿಕೆ ಶುರು ಮಾಡಿ. ಅರಿಶಿನ, ಖಾರದಪುಡಿ ಹಚ್ಚಬೇಡಿ. ರೇಬಿಸ್ ಲಕ್ಷಣ ಕಂಡ ಮೇಲೆ ಉಳಿಯುವುದು ಇಲ್ಲವೆಂದೇ ಹೇಳಬೇಕು.

*ಹೊಳೆ.* ದಂಡೆ ನಡೆಯಲು, ನೀರು ನೋಡಲು. ಈಜು ಬರುತ್ತದೆ ಅಂತ ಇಳಿಯಬೇಡಿ. ಮೇಲೆ ಸಮ ಕಂಡರೂ ಒಳಗೆ ಗುಂಡಿ ಇರುತ್ತದೆ. ಮಳೆಗಾಲದಲ್ಲಿ ಅಣೆಕಟ್ಟಿನಿಂದ ನೀರು ಬಿಟ್ಟರೆ ಹೊಳೆ ತಟ್ಟನೆ ಏರುತ್ತದೆ. 2025ರ ಜೂನ್ 15ರಂದು ತಳೇಗಾಂವ್ ಹತ್ತಿರದ ಕುಂಡಮಳಾದಲ್ಲಿ ಇಂದ್ರಾಯಣಿಯ ಮೇಲಿದ್ದ ಹಳೆಯ ಕಬ್ಬಿಣದ ಸೇತುವೆ ಜನರ ಭಾರಕ್ಕೆ ಕುಸಿಯಿತು. ಭಾನುವಾರ ಹೊಳೆ ನೋಡಲು ಬಂದವರಲ್ಲಿ ನಾಲ್ವರು ಜೀವ ಕಳೆದುಕೊಂಡರು. ಹಳೆಯ ಸೇತುವೆಯ ಮೇಲೆ ಜನ ಗುಂಪುಗೂಡಿದ್ದರೆ ನೀವು ಹೋಗಬೇಡಿ. ಫೋಟೊ ಆಮೇಲೆ ತೆಗೆದುಕೊಳ್ಳಬಹುದು.

*ಬಿಸಿಲು.* ಏಪ್ರಿಲ್, ಮೇನಲ್ಲಿ 11ರಿಂದ 4ರವರೆಗೆ ನಡಿಗೆ ಬೇಡ. ಅಕ್ಟೋಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ.

🔹 *ಜೊತೆಗೆ ಏನು ಬೇಕು?*

ದುಬಾರಿ ಬೂಟು ಬೇಡ. ಬೆರಳಿಗೆ ಜಾಗವಿರುವ, ಹಿಮ್ಮಡಿ ಜಾರದ ಕ್ಯಾನ್ವಾಸ್ ಬೂಟು, ಹತ್ತಿಯ ಸಾಕ್ಸ್ ಸಾಕು. ಕಂಪನಿಯ ಸೇಫ್ಟಿ ಶೂ ಬೇಡ, ಭಾರ ಹೆಚ್ಚು, ಬೆರಳು ಉಜ್ಜುತ್ತದೆ. ಒಂದು ಬಾಟಲಿ ನೀರು, ಒಂದು ಮುಷ್ಟಿ ಶೇಂಗಾ, ಟವೆಲ್ಲು, ಚಾರ್ಜ್ ಇರುವ ಮೊಬೈಲು. ಗುರುವಾರದ ನಡಿಗೆಗೆ ಜೋಳದ ರೊಟ್ಟಿ, ಪಲ್ಯ ಕಟ್ಟಿಕೊಂಡು ಹೋಗಿ. ಮರದ ನೆರಳಲ್ಲಿ ಬುತ್ತಿ ಬಿಚ್ಚಿದರೆ ಹೊರಗಿನ ಎಣ್ಣೆಯ ತಿಂಡಿ ತಾನಾಗಿ ತಪ್ಪುತ್ತದೆ. ತಂದ ಪ್ಲಾಸ್ಟಿಕ್ ವಾಪಸ್ ತನ್ನಿ. ಅದು ಯಾರದೋ ಹೊಲ, ಯಾರದೋ ಎಮ್ಮೆ ಮೇಯುವ ಜಾಗ.

🙏 *ಕೊನೆಯ ಮಾತು*

ನಾವು ಊರು ಬಿಟ್ಟು ಬಂದದ್ದು ದುಡಿಯಲು. ದುಡಿದ ದುಡ್ಡಲ್ಲಿ ಅಪ್ಪ-ಅವ್ವನಿಗೆ ಕಳಿಸಬೇಕು, ಮಕ್ಕಳ ಶಾಲೆ ನಡೆಯಬೇಕು, ಊರಲ್ಲಿ ಒಂದು ಮನೆ ಏಳಬೇಕು. ಇವೆಲ್ಲ ನಿಂತಿರುವುದು ಎರಡು ಕಾಲಿನ ಮೇಲೆ. ನಲವತ್ತಕ್ಕೇ ಸಕ್ಕರೆ, ನಲವತ್ತೈದಕ್ಕೆ ಹೃದಯ ಕೈಕೊಟ್ಟರೆ ಗಳಿಸಿದ್ದೆಲ್ಲ ಆಸ್ಪತ್ರೆಯ ಕೌಂಟರಿಗೆ ಹೋಗುತ್ತದೆ. ದಿನಕ್ಕೆ ಅರ್ಧ ಗಂಟೆ ಅದಕ್ಕಿಂತ ಅಗ್ಗ.

ಈ ಗುರುವಾರ ಒಬ್ಬರನ್ನಾದರೂ ಜೊತೆಗೆ ಕರೆಯಿರಿ. ಪಕ್ಕದ ಖೋಲಿಯವರಿರಲಿ, ಲೈನಿನ ಗೆಳೆಯನಿರಲಿ. ಒಬ್ಬರೇ ಶುರು ಮಾಡಿದ್ದು ವಾರಕ್ಕೆ ನಿಲ್ಲುತ್ತದೆ, ಇಬ್ಬರು ಶುರು ಮಾಡಿದ್ದು ಮುಂದುವರಿಯುತ್ತದೆ.

ಮಾಹಿತಿ ಉಪಯುಕ್ತ ಅನಿಸಿದರೆ ನಿಮ್ಮ ಶಿಫ್ಟಿನ ಗ್ರೂಪಿಗೆ, ಊರಿನ ಗ್ರೂಪಿಗೆ ಕಳಿಸಿ. ಕಳಿಸುವ ಮುನ್ನ ಎದ್ದು ಹತ್ತು ನಿಮಿಷ ನಡೆದು ಬನ್ನಿ. 🚶🏽‍♂️🚶🏽‍♀️

ಸರ್ವೇ ಜನಾಃ ಸುಖಿನೋ ಭವಂತು 🌿